ಗೆಲ್ಲುವ ತಂಡ ಹೇಳಿ ದುಡ್ಡು ಕೇಳುವವರನ್ನು ಪರೀಕ್ಷಿಸುವುದು ಹೇಗೆ?

ಸಂಜೆ 7ಕ್ಕೆ ಟಾಸ್, 7.30ಕ್ಕೆ ಮೊದಲ ಚೆಂಡು. ಐಪಿಎಲ್ ದಿನಗಳಲ್ಲಿ ಆ ಅರ್ಧ ತಾಸು ಬೈಲಹೊಂಗಲದ ಚಹಾದಂಗಡಿಯಲ್ಲೂ ರಾಮದುರ್ಗದ ಮಗ್ಗದ ಮನೆಯಲ್ಲೂ ಹುಡುಗರ ಕಣ್ಣು ಫೋನಿನ ಮೇಲೆಯೇ. 'ಇವತ್ತಿನ ಪಕ್ಕಾ ಟಿಪ್', 'ನೂರಕ್ಕೆ ನೂರು ಗ್ಯಾರಂಟಿ', 'ವಿಐಪಿ ಗ್ರೂಪಿಗೆ ಬರ್ರಿ, ನಿನ್ನೆ ಹೋದದ್ದನ್ನ ಇವತ್ತ ವಸೂಲ್ ಮಾಡ್ಕೋರಿ' ಎಂಬ ಮೆಸೇಜುಗಳು ಒಂದರ ಹಿಂದೊಂದು ಬರುತ್ತವೆ. ಜೊತೆಗೊಂದು ಕ್ಯೂಆರ್ ಕೋಡ್.

ಇವರು ಬುಕ್ಕಿಗಳಲ್ಲ. ಬಾಜಿಯ ಹಣ ನೇರವಾಗಿ ಇವರ ಕೈಗೆ ಹೋಗುವುದಿಲ್ಲ. ಇವರು ಮಾರುವುದು ಬರೀ ಮಾತನ್ನು. ಇಂದು ಯಾವ ತಂಡ ಗೆಲ್ಲುತ್ತದೆ, ಮೊದಲ ಆರು ಓವರಿಗೆ ಎಷ್ಟು ರನ್ ಆಗುತ್ತದೆ, ಯಾರು ಎಷ್ಟು ವಿಕೆಟ್ ತೆಗೆಯುತ್ತಾರೆ ಎಂಬ ಮಾತು. ಟೆಲಿಗ್ರಾಂ ಚಾನೆಲ್, ವಾಟ್ಸ್‌ಆ್ಯಪ್ ಗುಂಪು, ಇನ್‌ಸ್ಟಾಗ್ರಾಂ ಪುಟಗಳೇ ಇವರ ಅಂಗಡಿ. ತಿಂಗಳ ಚಂದಾ ಉಂಟು, ಒಂದು ಪಂದ್ಯದ ಶುಲ್ಕ ಉಂಟು, ಇಡೀ ಸೀಸನ್ನಿನ ಪ್ಯಾಕೇಜೂ ಉಂಟು. ಜೂಜು ಕೆಟ್ಟದ್ದು ಎಂದು ಮನೆಯ ಹಿರಿಯರು ಹೇಳಿದರೆ, 'ಇದು ಜೂಜಲ್ಲಪ್ಪಾ, ಅನಾಲಿಸಿಸ್' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಹಾಗೆ ಮುಗಿಯಬಾರದು. ಅನಾಲಿಸಿಸ್ ಎನ್ನುವುದನ್ನೇ ಎದುರಿಗಿಟ್ಟುಕೊಂಡು, ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಲು ಬರುತ್ತದೆ. ಆ ಲೆಕ್ಕ ಹತ್ತನೇ ತರಗತಿಯ ಗಣಿತಕ್ಕಿಂತ ಕಠಿಣವಲ್ಲ.

ಸವದತ್ತಿಯ ರೈತ ಹತ್ತಿ ಬೀಜದ ಪಾಕೀಟು ಕೊಳ್ಳುವಾಗ ಏನು ಮಾಡುತ್ತಾನೆ? ಕಂಪನಿ ಯಾವುದು, ಲಾಟ್ ನಂಬರ್ ಎಷ್ಟು, ಅವಧಿ ಎಂದಿಗೆ ಮುಗಿಯುತ್ತದೆ ಎಂದು ನೋಡುತ್ತಾನೆ, ರಶೀದಿ ಕೇಳುತ್ತಾನೆ. ಮೊಳಕೆ ಬರದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೂರುತ್ತಾನೆ. ಷೇರು ಪೇಟೆಯ ಸಲಹೆ ಮಾರುವವರಿಗೂ ಸೆಬಿಯ ನೋಂದಣಿ ಬೇಕು. ಆ ಸಂಖ್ಯೆಯನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಕ್ರಿಕೆಟ್ ಟಿಪ್ಸ್ ಮಾರುವವನಿಗೆ ನಮ್ಮ ದೇಶದಲ್ಲಿ ನೋಂದಣಿಯೂ ಇಲ್ಲ, ಅವನ ಮೇಲೆ ದೂರು ಕೊಡಲು ಪ್ರಾಧಿಕಾರವೂ ಇಲ್ಲ. ಹಾಗಾಗಿ ಪರೀಕ್ಷೆಯ ಹೊಣೆಯೆಲ್ಲ ಕೊಳ್ಳುವವನ ತಲೆಯ ಮೇಲೆ.

ಈ ವ್ಯಾಪಾರದ ಹಿರಿಯಣ್ಣ ನಮ್ಮ ಭಾಗಕ್ಕೆ ಹೊಸಬನಲ್ಲ. ಮಟಕಾ, ಅಂದರೆ ನಮ್ಮಲ್ಲಿ ಓಸಿ ಎಂದು ಕರೆಯುವ ಆಟ, ಹುಟ್ಟಿದ್ದೇ ಹತ್ತಿಯ ಧಾರಣೆಯ ಮೇಲೆ. ನ್ಯೂಯಾರ್ಕಿನಿಂದ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದ ಹತ್ತಿಯ ಆರಂಭದ ದರ, ಮುಕ್ತಾಯದ ದರಗಳ ಮೇಲೆ ಜನ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಮೊದಲಲ್ಲಿ ಆ ದರ ಬರುವುದು ನಿಂತಾಗ ಮುಂಬಯಿಯ ಕಲ್ಯಾಣ್‌ಜೀ ಭಗತ್, ಅವರ ಬೆನ್ನಿಗೇ ರತನ್ ಖತ್ರಿ ಅಂಕಿ ಎತ್ತುವ ಆಟ ಶುರುಮಾಡಿದರು. ಹತ್ತಿ ಬೆಳೆಯುವ ನಮ್ಮ ಸೀಮೆಗೆ ಅದು ಬೇಗ ಇಳಿಯಿತು. ಅದರ ಬೆನ್ನಿಗೇ ಬಂದದ್ದು ಇವತ್ತಿನ ಅಂಕಿ ಹೇಳುವ ಚೀಟಿ, ಹಳೆಯ ಅಂಕಿಗಳ ಚಾರ್ಟು. ಉತ್ತರ ಕರ್ನಾಟಕದ ಪೊಲೀಸ್ ಪ್ರಕಟಣೆಗಳಲ್ಲಿ 'ಒಂದು ರೂಪಾಯಿಗೆ 80 ರೂಪಾಯಿ' ಎಂಬ ಮಾತು ಓದಿರುತ್ತೀರಿ. ಎರಡಂಕಿಯ ಸಂಖ್ಯೆಗಳು ನೂರು, ಹೊಡೆದರೆ ಸಿಗುವುದು 80. ನೂರೂ ಸಂಖ್ಯೆಗೆ ಒಂದೊಂದು ರೂಪಾಯಿ ಹಾಕಿದವನಿಗೆ ಕೂಡ 20 ರೂಪಾಯಿ ಖೋತಾ. ಚಾರ್ಟು ನೋಡಿ ಅಂಕಿ ಹೇಳಿದವನು ಆ 20 ರೂಪಾಯಿಯನ್ನು ಎಂದೂ ತಂದುಕೊಡಲಿಲ್ಲ. ಚೀಟಿಯ ದುಡ್ಡು ಮಾತ್ರ ತೆಗೆದುಕೊಂಡ.

ಅವನಿಗೆ ಹಣ ಬರುವ ದಾರಿ

ಟಿಪ್ಸ್ ಮಾರುವವನಿಗೆ ಕೇಳಬೇಕಾದ ಮೊದಲ ಪ್ರಶ್ನೆ 'ನಿನ್ನ ಟಿಪ್ ಎಷ್ಟು ಸಲ ಸರಿಬಂದಿದೆ' ಎಂಬುದಲ್ಲ. 'ನಿನಗೆ ಹಣ ಯಾರು ಕೊಡುತ್ತಾರೆ' ಎಂಬುದು. ಈ ಒಂದು ಪ್ರಶ್ನೆಯ ಹಿಂದೆ ಬಿದ್ದರೆ ಅರ್ಧಕ್ಕಿಂತ ಹೆಚ್ಚು ಚಾನೆಲ್‌ಗಳ ಬಣ್ಣ ಅಲ್ಲೇ ಬಯಲಾಗುತ್ತದೆ.

ಒಂದು ದಾರಿ ನೇರ, ನೀವು ಕೊಡುವ ಚಂದಾ. ಇನ್ನೊಂದು ದಾರಿ ಕಣ್ಣಿಗೆ ಬೀಳುವುದಿಲ್ಲ. 'ನಮ್ಮ ಟಿಪ್ ಫ್ರೀ, ಈ ಲಿಂಕ್ ಒತ್ತಿ ಖಾತೆ ತೆರೆಯಿರಿ, ಈ ಕೋಡ್ ಹಾಕಿ' ಎನ್ನುವ ಚಾನೆಲ್‌ಗಳಿಗೆ ಬೆಟ್ಟಿಂಗ್ ಆ್ಯಪ್‌ಗಳು ದಲಾಲಿ ಕೊಡುತ್ತವೆ. ಹೊಸ ಗಿರಾಕಿಯೊಬ್ಬನಿಗೆ ಇಷ್ಟು ಎಂಬುದು ಒಂದು ಬಗೆಯ ಕರಾರು. ಜಗತ್ತಿನಾದ್ಯಂತ ಚಾಲ್ತಿಯಲ್ಲಿರುವ ಇನ್ನೊಂದು ಕರಾರಿನಲ್ಲಿ ಗಿರಾಕಿ ಸೋತ ಹಣದಲ್ಲೇ ಪಾಲು. ನೀವು ಹತ್ತು ಸಾವಿರ ಸೋತರೆ ಅದರಲ್ಲೊಂದು ಭಾಗ ನಿಮಗೆ ಟಿಪ್ ಕೊಟ್ಟವನ ಖಾತೆಗೆ ಸೇರುತ್ತದೆ. ನೀವು ಗೆದ್ದರೆ ಅವನಿಗೆ ಏನೂ ಇಲ್ಲ. ಇಂಥವನು ಕೊಡುವ ಸಲಹೆ ಯಾರ ಹಿತಕ್ಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಲಿಂಕಿನ ಕೊನೆಯಲ್ಲಿ ಚಾನೆಲ್ಲಿನ ಹೆಸರೋ ಸಂಖ್ಯೆಯೋ ಅಂಟಿಕೊಂಡಿದ್ದರೆ, 'ನಮ್ಮ ಕೋಡ್ ಹಾಕಿದರೆ ಬೋನಸ್' ಎಂದಿದ್ದರೆ, ಅದು ಫ್ರೀ ಅಲ್ಲ ಎಂದು ತಿಳಿಯಿರಿ.

ಚಂದಾ ಪಡೆಯುವವರಲ್ಲಿ ಕೆಲವರು 'ಸೋತರೆ ದುಡ್ಡು ವಾಪಸ್' ಎನ್ನುತ್ತಾರೆ. ಕೇಳಿದವರಿಗೆ ಇದಕ್ಕಿಂತ ಪ್ರಾಮಾಣಿಕ ಮಾತು ಇರಲಾರದು ಎನಿಸುತ್ತದೆ. ಲೆಕ್ಕ ಹಾಕಿ. ಒಂದು ಪಂದ್ಯಕ್ಕೆ ನೂರು ಜನ ತಲಾ 1,000 ರೂಪಾಯಿ ಕೊಟ್ಟಿದ್ದಾರೆ. ಅವನು ಐವತ್ತು ಜನರಿಗೆ ಬೆಂಗಳೂರು ಎನ್ನುತ್ತಾನೆ, ಉಳಿದ ಐವತ್ತು ಜನರಿಗೆ ಚೆನ್ನೈ ಎನ್ನುತ್ತಾನೆ. ಯಾರೇ ಗೆಲ್ಲಲಿ, ಐವತ್ತು ಜನರಿಗೆ ಹಣ ಮರಳಿಸುತ್ತಾನೆ, ಐವತ್ತು ಸಾವಿರ ಅವನಲ್ಲೇ ಉಳಿಯುತ್ತದೆ. ಕ್ರಿಕೆಟ್ ಬಗ್ಗೆ ಅವನಿಗೆ ಏನೂ ಗೊತ್ತಿರಬೇಕಿಲ್ಲ. ಹಣ ವಾಪಸ್ ಪಡೆದವನು ಊರೆಲ್ಲ ಅವನ ಪ್ರಾಮಾಣಿಕತೆಯ ಬಗ್ಗೆ ಹೇಳುತ್ತಾನೆ, ಗೆದ್ದವನು ಅವನ ಜಾಣತನದ ಬಗ್ಗೆ. ಬಾಜಿಯಲ್ಲಿ ಹೋದ ಹಣವನ್ನು ಮಾತ್ರ ಯಾರೂ ಮರಳಿಸುವುದಿಲ್ಲ. ವಾಪಸ್ ಬರುವುದು ಟಿಪ್ಪಿನ ಶುಲ್ಕವಷ್ಟೇ.

'ಇಷ್ಟು ಚೆನ್ನಾಗಿ ಗೊತ್ತಿದ್ದರೆ ನೀನೇ ಯಾಕೆ ಬಾಜಿ ಕಟ್ಟುವುದಿಲ್ಲ' ಎಂದು ಕೇಳಿದರೆ ತಯಾರಿಟ್ಟ ಉತ್ತರವೊಂದಿದೆ. ಗೆಲ್ಲುವವರ ಖಾತೆಗೆ ಆ್ಯಪ್‌ನವರು ಮಿತಿ ಹಾಕುತ್ತಾರೆ, ಅದಕ್ಕೇ ಮಾರುತ್ತಿದ್ದೇನೆ ಎಂದು. ಮಿತಿ ಹಾಕುವುದು ನಿಜವೇ. ವಿದೇಶದ ದೊಡ್ಡ ಕಂಪನಿಗಳೂ ಸತತವಾಗಿ ಗೆಲ್ಲುವ ಗಿರಾಕಿಯ ಬಾಜಿಯನ್ನು ಇಳಿಸಿಬಿಡುತ್ತವೆ. ಹಾಗಿದ್ದರೆ ಅವನ ಟಿಪ್ಪಿನಿಂದ ನೀವು ಗೆಲ್ಲತೊಡಗಿದ ದಿನ ನಿಮ್ಮ ಖಾತೆಗೂ ಅದೇ ಮಿತಿ ಬೀಳಬೇಕಲ್ಲವೇ? ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ. ನಿಮ್ಮನ್ನು ಗುಂಪಿನಿಂದ ತೆಗೆಯುತ್ತಾರೆ.

ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ

ಪುರಾವೆ ಕೇಳಿದರೆ ಬರುವುದು ಗೆದ್ದ ಬಾಜಿಗಳ ಚಿತ್ರ, ಲಕ್ಷಗಟ್ಟಲೆ ಜಮೆಯಾದ ಖಾತೆಯ ಚಿತ್ರ. ಇಂಥ ಚಿತ್ರವನ್ನು ಫೋನಿನಲ್ಲೇ ಎರಡು ನಿಮಿಷದಲ್ಲಿ ತಯಾರಿಸಬಹುದು. ಅದಕ್ಕಿಂತ ಸೂಕ್ಷ್ಮವಾದ ಕೈಚಳಕ ಇನ್ನೊಂದಿದೆ. ಟೆಲಿಗ್ರಾಂ ಚಾನೆಲ್ಲಿನಲ್ಲಿ ಹಾಕಿದವನು ತನ್ನ ಪೋಸ್ಟನ್ನು ಅಳಿಸಿದರೆ ಗುರುತೇ ಉಳಿಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಾದರೆ ಮೆಸೇಜ್ ಅಳಿಸಲಾಗಿದೆ ಎಂಬ ಸಾಲಾದರೂ ಉಳಿಯುತ್ತದೆ. ಬೆಳಿಗ್ಗೆ ಎರಡೂ ತಂಡಗಳ ಪರವಾಗಿ ಎರಡು ಪೋಸ್ಟ್ ಹಾಕಿ, ರಾತ್ರಿ ಸೋತದ್ದನ್ನು ಅಳಿಸಿದರೆ ತಿಂಗಳ ಕೊನೆಗೆ ಆ ಚಾನೆಲ್ ಒಂದೂ ತಪ್ಪದ ದಾಖಲೆಯಾಗಿ ಕಾಣುತ್ತದೆ. ಹೊಸದಾಗಿ ಸೇರಿದವನು ಹಿಂದಕ್ಕೆ ಸರಿಸಿ ಸರಿಸಿ ನೋಡಿ ದಂಗಾಗುತ್ತಾನೆ. ಪೋಸ್ಟಿನ ಕೆಳಗೆ ತಿದ್ದಲಾಗಿದೆ ಎಂಬ ಗುರುತಿದೆಯೇ ಎಂದು ಮಾತ್ರ ಯಾರೂ ನೋಡುವುದಿಲ್ಲ.

ಎಲ್ಲಕ್ಕಿಂತ ಹಳೆಯ ಉಪಾಯಕ್ಕೆ ಸುಳ್ಳು ಚಿತ್ರವೂ ಬೇಡ. 1,024 ಜನರ ಫೋನ್ ನಂಬರ್ ಇದ್ದರೆ ಸಾಕು. ಮೊದಲ ಪಂದ್ಯಕ್ಕೆ 512 ಜನರಿಗೆ ಒಂದು ತಂಡ, 512 ಜನರಿಗೆ ಇನ್ನೊಂದು. ಸರಿಬಂದ 512 ಜನರನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟುಬಿಡುವುದು. ಎರಡನೇ ಪಂದ್ಯಕ್ಕೆ ಅವರಲ್ಲಿ ಮತ್ತೆ ಅರ್ಧ ಅರ್ಧ. 256, 128, 64, 32 ಎಂದು ಇಳಿಯುತ್ತ ಐದು ಪಂದ್ಯ ಮುಗಿದಾಗ 32 ಜನರಿಗೆ ಐದಕ್ಕೆ ಐದೂ ಸರಿ ಹೇಳಿದ ಮಹಾಪಂಡಿತ ಅವನು. ಆರನೆಯ ಪಂದ್ಯಕ್ಕೆ ದುಡ್ಡು ಕೇಳುತ್ತಾನೆ. ಆ 32 ಜನರಲ್ಲಿ ಒಬ್ಬ ಕಿತ್ತೂರಿನ ಹುಡುಗನಾಗಿದ್ದರೆ, ಉಳಿದ 992 ಜನರಿಗೆ ತಪ್ಪು ಟಿಪ್ ಹೋಗಿದೆ ಎಂಬುದು ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. 2008ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಡೆರೆನ್ ಬ್ರೌನ್ ಎಂಬ ಜಾದೂಗಾರ ಇದನ್ನು ಕುದುರೆ ರೇಸಿನಲ್ಲಿ ಮಾಡಿ ತೋರಿಸಿದ. 7,776 ಜನರಿಂದ ಶುರುಮಾಡಿ, ಆರು ಕುದುರೆಗಳ ಐದು ರೇಸು ಮುಗಿಯುವಷ್ಟರಲ್ಲಿ ಒಬ್ಬ ಹೆಂಗಸಿಗೆ ಐದೂ ಗೆಲುವು ಬಂದಿದ್ದವು. ಆಕೆ ಅವನ ವಿದ್ಯೆಯನ್ನು ಪೂರ್ತಿ ನಂಬಿದ್ದಳು. ಕೊನೆಗೆ ಗುಟ್ಟನ್ನು ಅವನೇ ಬಿಚ್ಚಿ ಹೇಳಿದ.

ಆಟವೇ ಸುಳ್ಳಾಗಿರುವುದೂ ಉಂಟು. 2022ರಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಮೊಲಿಪುರ ಎಂಬ ಹಳ್ಳಿಯ ಹೊಲದಲ್ಲಿ ಕೂಲಿ ಹುಡುಗರಿಗೆ ಐಪಿಎಲ್ ತಂಡಗಳ ಅಂಗಿ ತೊಡಿಸಿ, ದೀಪ ಹಾಕಿ, ಕ್ಯಾಮೆರಾ ಇಟ್ಟು ಪಂದ್ಯ ಆಡಿಸಿದರು. ಯೂಟ್ಯೂಬಿನಲ್ಲಿ ಅದನ್ನು ನೋಡುತ್ತ ರಷ್ಯಾದ ಊರುಗಳಲ್ಲಿ ಜನ ನಿಜವಾದ ಲೀಗ್ ಎಂದೇ ಬಾಜಿ ಕಟ್ಟಿದರು. ಬೌಂಡರಿ ಬೇಕೋ ವಿಕೆಟ್ ಬೇಕೋ ಎಂಬುದು ಟೆಲಿಗ್ರಾಂ ಮೂಲಕ ಬಂದು ಅಂಪೈರನ ವಾಕಿಟಾಕಿಗೆ ತಲುಪುತ್ತಿತ್ತು. ಹೆಸರು ಕೇಳಿರದ ಲೀಗುಗಳ ಮೇಲೆ ಟಿಪ್ ಕೊಡುವವರನ್ನು ಕಂಡಾಗ ಈ ಹೊಲ ನೆನಪಿರಲಿ.

ಪೈಸೆ ಲೆಕ್ಕ

'ನಮ್ಮದು ಹತ್ತಕ್ಕೆ ಏಳು ಸರಿ' ಎನ್ನುವವರು ಬಹಳ. ಇದು ಸುಳ್ಳೇ ಆಗಿರಬೇಕಿಲ್ಲ. ಆದರೆ ದರ ಹೇಳದೆ ಬರೀ ಸರಿ ತಪ್ಪಿನ ಲೆಕ್ಕ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಪ್ರತಿ ಪಂದ್ಯದಲ್ಲೂ ಬಲವಾದ ತಂಡದ ಹೆಸರು ಹೇಳುತ್ತ ಹೋದರೆ ಯಾರ ಬಾಯಲ್ಲಾದರೂ ಅರ್ಧಕ್ಕಿಂತ ಹೆಚ್ಚು ಸರಿಬರುತ್ತದೆ. ಬುಕ್ಕಿಗಳ ಲೆಕ್ಕದಲ್ಲಿ ಬಲವಾದ ತಂಡದ ದರ 40 ಪೈಸೆ ಇದೆ ಎನ್ನೋಣ. ನೂರು ಹಾಕಿ ಗೆದ್ದರೆ ಮೇಲೆ ಸಿಗುವುದು 40. ಹತ್ತು ಪಂದ್ಯಕ್ಕೆ ನೂರರಂತೆ ಹಾಕಿ ಏಳು ಗೆದ್ದರೆ 280 ಬಂತು, ಮೂರು ಸೋತರೆ 300 ಹೋಯಿತು. ಹತ್ತಕ್ಕೆ ಏಳು ಸರಿ ಹೇಳಿದವನ ಮಾತು ಕೇಳಿ 20 ರೂಪಾಯಿ ನಷ್ಟ.

ಎರಡೂ ತಂಡ ಸರಿಸಮ ಇದ್ದಾಗಲೂ ಬುಕ್ಕಿ ಒಂದಕ್ಕೊಂದು ಕೊಡುವುದಿಲ್ಲ. 90 ಪೈಸೆ ಕೊಡುತ್ತಾನೆ. ಆ ಹತ್ತು ಪೈಸೆಯಲ್ಲೇ ಅವನ ಮನೆ ನಡೆಯುವುದು. 90 ಪೈಸೆಯಲ್ಲಿ ನಷ್ಟವಿಲ್ಲದೆ ಹೊರಬರಲು ನೂರರಲ್ಲಿ 52.6 ಸಲ ಸರಿ ಇರಬೇಕು. ಅದರ ಮೇಲೆ ಟಿಪ್ಪಿನ ಶುಲ್ಕ. ತಿಂಗಳಿಗೆ 2,000 ರೂಪಾಯಿ ಚಂದಾ, ತಿಂಗಳಲ್ಲಿ 20 ಪಂದ್ಯಕ್ಕೆ 500ರಂತೆ ಬಾಜಿ ಎಂದರೆ ಹಾಕಿದ ಒಟ್ಟು ಹಣ 10,000. ಚಂದಾ ಹಣ ಹುಟ್ಟಬೇಕಾದರೇ ನೂರಕ್ಕೆ 20 ಲಾಭ ಬರಬೇಕು. ಬಾಜಿಯನ್ನೇ ಕಸುಬು ಮಾಡಿಕೊಂಡು, ಕಂಪ್ಯೂಟರ್ ಇಟ್ಟುಕೊಂಡು ಕೂತ ವಿದೇಶಿ ವೃತ್ತಿಗರಿಗೂ ವರ್ಷಗಟ್ಟಲೆ ಸರಾಸರಿಯಲ್ಲಿ ನೂರಕ್ಕೆ ಕೆಲವೇ ರೂಪಾಯಿ ಉಳಿದರೆ ಅದೇ ದೊಡ್ಡದು. ಅಂಥವನೊಬ್ಬನ ಟಿಪ್ಪೇ ನಿಮಗೆ ಸಿಕ್ಕು, ನೂರಕ್ಕೆ ಐದು ಲಾಭ ಬಂದರೂ ಗಳಿಕೆ 500, ಚಂದಾ 2,000. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಮನೆಯವರೆಲ್ಲ ಕೂತು ಹಾಕಬೇಕಾದ ಲೆಕ್ಕ ಇದೊಂದೇ. ಟಿಪ್ ಮಾರುವವನು ಪೂರಾ ಪ್ರಾಮಾಣಿಕನಾಗಿದ್ದರೂ, ಪೂರಾ ಜಾಣನಾಗಿದ್ದರೂ ಸಣ್ಣ ಬಾಜಿಯವನಿಗೆ ಅದು ಹುಟ್ಟುವುದಿಲ್ಲ. ಹುಟ್ಟಬೇಕೆಂದು ಬಾಜಿ ಹೆಚ್ಚಿಸಿದರೆ ಸೋಲೂ ಅಷ್ಟೇ ಹೆಚ್ಚುತ್ತದೆ.

ಇಷ್ಟಾದರೂ ಒಬ್ಬನ ಮಾತಿನಲ್ಲಿ ನಿಮಗೆ ನಂಬಿಕೆ ಇದೆ ಎನ್ನೋಣ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದುಡ್ಡು ಹಾಕಬೇಡಿ, ಬರೆಯಿರಿ. ಟಿಪ್ ಬಂದ ದಿನ, ಗಂಟೆ, ಆ ಹೊತ್ತಿನ ದರ, ಮೊದಲ ಚೆಂಡಿನ ಹೊತ್ತಿಗಿದ್ದ ದರ, ಫಲಿತಾಂಶ, ನೂರು ಹಾಕಿದ್ದರೆ ಏನಾಗುತ್ತಿತ್ತು ಎಂಬುದು. ಪಂದ್ಯ ಶುರುವಾದ ಮೇಲೆ ಬಂದ ಟಿಪ್ಪನ್ನು ಸೇರಿಸಬೇಡಿ. ನಿಮ್ಮ ಫೋನಿಗೆ ಬರುವ ಚಿತ್ರ ಮೈದಾನಕ್ಕಿಂತ ಹಲವು ಸೆಕೆಂಡು ತಡ. ನೀವು ನೋಡುವ ಚೆಂಡು ದರ ಹಾಕುವವರಿಗೆ ಆಗಲೇ ಹಳೆಯದು. ಇಡೀ ಐಪಿಎಲ್ ಎಂದರೆ 74 ಪಂದ್ಯ. ಕೊನೆಗೆ 43 ಸರಿಬಂದು ಲಾಭ ಕಂಡಿತು ಎಂದರೆ? ನಾಣ್ಯ ಚಿಮ್ಮಿ ಹೇಳುವವರಲ್ಲೂ ಸುಮಾರು ಹತ್ತು ಜನರಲ್ಲಿ ಒಬ್ಬನಿಗೆ 74ರಲ್ಲಿ 43 ಅಥವಾ ಅದಕ್ಕಿಂತ ಹೆಚ್ಚು ಸರಿಬರುತ್ತದೆ. ನೂರಾರು ಚಾನೆಲ್‌ಗಳಿರುವಾಗ ಹತ್ತಾರು ಚಾನೆಲ್‌ಗಳು ಬರೀ ಅದೃಷ್ಟದಿಂದಲೇ ಸೀಸನ್ ಗೆಲ್ಲುತ್ತವೆ, ನಿಮ್ಮ ಕಿವಿಗೆ ಬೀಳುವುದು ಅವುಗಳ ಹೆಸರೇ. ನೂರರಲ್ಲಿ 55 ಸಲ ನಿಜವಾಗಿ ಸರಿ ಹೇಳಬಲ್ಲವನನ್ನು ಅದೃಷ್ಟವಂತನಿಂದ ಬೇರ್ಪಡಿಸಲು ನೂರಾರು ಪಂದ್ಯಗಳ ದಾಖಲೆ ಬೇಕು.

ಅದಕ್ಕೇ ಬಲ್ಲವರು ಗೆಲುವು ಸೋಲಿಗಿಂತ ದರವನ್ನು ನೋಡುತ್ತಾರೆ. ಅವನು ಟಿಪ್ ಕೊಟ್ಟಾಗ 90 ಪೈಸೆ ಇದ್ದದ್ದು ಪಂದ್ಯದ ಹೊತ್ತಿಗೆ 75ಕ್ಕೆ ಇಳಿದಿತ್ತೇ? ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ ಅವನಿಗೆ ಪೇಟೆಗಿಂತ ಮುಂಚೆ ಏನೋ ಗೊತ್ತಾಗುತ್ತಿದೆ ಎನ್ನಬಹುದು. ನಾನು ಕಂಡ ಮಟ್ಟಿಗೆ ಟಿಪ್ ಚಾನೆಲ್‌ಗಳು ದರವನ್ನೇ ಬರೆಯುವುದಿಲ್ಲ. ದರ ಬರೆಯದ ಟಿಪ್ಪನ್ನು ಪರೀಕ್ಷಿಸಲು ಬರುವುದಿಲ್ಲ. ಪರೀಕ್ಷಿಸಲು ಬಾರದ್ದಕ್ಕೆ ಹಣ ಕೊಡಬಾರದು.

ಸೋತ ಮೇಲೆ ಬರುವ ಸಲಹೆ ಇನ್ನೂ ಅಪಾಯದ್ದು. 'ದುಪ್ಪಟ್ಟು ಹಾಕ್ರಿ, ಒಂದು ಗೆದ್ದರ ಎಲ್ಲಾ ವಾಪಸ್.' 500ರಿಂದ ಶುರುಮಾಡಿ 1,000, 2,000, 4,000 ಎಂದು ಏಳು ಸಲ ಸತತ ಸೋತರೆ ಹೋದದ್ದು 63,500 ರೂಪಾಯಿ. ಎಂಟನೆಯದಕ್ಕೆ 64,000 ಬೇಕು, ಅದೂ ಮೊದಲಿನ 500ರ ಆಸೆಗೆ. ಕಬ್ಬಿನ ಬಿಲ್ಲು, ಸಂಘದ ಸಾಲ, ಹೆಂಡತಿಯ ಬಂಗಾರ ಬಾಜಿಯ ದಾರಿ ಹಿಡಿಯುವುದು ಹೆಚ್ಚಾಗಿ ಈ ಹಂತದಲ್ಲಿ.

'ಮ್ಯಾಚ್ ಫಿಕ್ಸ್ ಆಗೇತಿ'

ಫಿಕ್ಸಿಂಗ್ ಸುದ್ದಿ ಮಾರುವವರು ಎಲ್ಲರಿಗಿಂತ ಹೆಚ್ಚು ದುಡ್ಡು ಕೇಳುತ್ತಾರೆ. ಫಿಕ್ಸಿಂಗ್ ನಡೆಯುವುದೇ ಇಲ್ಲ ಎಂದು ನಮ್ಮ ಬೆಳಗಾವಿ ಜಿಲ್ಲೆಯವರು ಹೇಳುವಂತಿಲ್ಲ. 2019ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕರನ್ನು ಬೆಟ್ಟಿಂಗ್ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದರು. ತನಿಖೆ ಬೆಳೆಯುತ್ತ ಹೋಗಿ ಅದೇ ನವೆಂಬರಿನಲ್ಲಿ ಬಳ್ಳಾರಿ ತಂಡದ ಇಬ್ಬರು ಆಟಗಾರರ ಬಂಧನವಾಯಿತು. ಫೈನಲ್ಲಿನಲ್ಲಿ ನಿಧಾನವಾಗಿ ಬ್ಯಾಟ್ ಮಾಡಲು 20 ಲಕ್ಷ ರೂಪಾಯಿ ಪಡೆದರು ಎಂಬುದು ಆರೋಪ. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಫಿಕ್ಸಿಂಗ್ ಎಂಬುದು ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯ ವ್ಯಾಖ್ಯೆಗೆ ಬರುವುದಿಲ್ಲ, ಶಿಸ್ತು ಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದು ಪ್ರಕರಣ ರದ್ದು ಮಾಡಿತು.

ಪೊಲೀಸರು ಹೇಳಿದ ಆ ಕಥೆಯ ಆಕಾರ ನೋಡಿ. ನಾಲ್ಕಾರು ಜನ, ಲಕ್ಷಗಟ್ಟಲೆ ಹಣ, ಪೂರಾ ಗುಟ್ಟು. ಸುದ್ದಿ ಐದನೆಯವನಿಗೆ ಗೊತ್ತಾದರೆ ದರ ಕುಸಿಯುತ್ತದೆ, ಕ್ರಿಕೆಟ್ ಮಂಡಳಿಯ ಭ್ರಷ್ಟಾಚಾರ ನಿಗ್ರಹ ವಿಭಾಗದ ಕಣ್ಣು ಬೀಳುತ್ತದೆ, ಮಾಡಿದ ಖರ್ಚೆಲ್ಲ ವ್ಯರ್ಥ. ಅಂಥ ಗುಟ್ಟನ್ನು 999 ರೂಪಾಯಿಗೆ ಐದು ಸಾವಿರ ಜನರ ಗುಂಪಿನಲ್ಲಿ ಹಾಕುವವನ ಬಳಿ ಗುಟ್ಟು ಇರುವುದಿಲ್ಲ.

ಕಾನೂನು ಎಲ್ಲಿ ನಿಂತಿದೆ

2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಲಾಗಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನೆಲ್ಲ ಅದು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ನಡೆಸಲು ನೆರವಾಗುವುದು, ಜನರನ್ನು ಪ್ರೇರೇಪಿಸುವುದೂ ಅದರಲ್ಲಿ ಸೇರಿದೆ. ಆ್ಯಪ್ ಲಿಂಕ್ ಹಂಚುವ ಟಿಪ್ ಚಾನೆಲ್ಲಿನವರು ಇದನ್ನು ಎರಡು ಸಲ ಓದಬೇಕು. ಬರೀ ಆಡಿದವನನ್ನು ಈ ಕಾಯ್ದೆ ಶಿಕ್ಷಿಸುವುದಿಲ್ಲ. ಅದನ್ನು ಪ್ರಶ್ನಿಸಿ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೇ ತರಿಸಿಕೊಂಡಿದೆ.

2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮು ಗುಂಪುಕಟ್ಟಿಕೊಂಡು ನಡೆಸುವ ಅನಧಿಕೃತ ಬೆಟ್ಟಿಂಗನ್ನು ಸಣ್ಣ ಸಂಘಟಿತ ಅಪರಾಧದ ಪಟ್ಟಿಯಲ್ಲಿಟ್ಟಿದೆ. ಶಿಕ್ಷೆ 1ರಿಂದ 7 ವರ್ಷ. ಇನ್ನು ಗೆದ್ದ ಹಣ ಕೊಡಲಿಲ್ಲ ಎಂದು ಕೋರ್ಟಿಗೆ ಹೋಗುತ್ತೇನೆ ಎನ್ನುವವರಿಗೆ 1872ರ ಕರಾರು ಕಾಯ್ದೆಯ 30ನೇ ಕಲಮು ಅಡ್ಡ ನಿಂತಿದೆ. ಬಾಜಿಯ ಕರಾರಿಗೆ ಕಾನೂನಿನ ಬೆಲೆಯೇ ಇಲ್ಲ, ಆ ಹಣಕ್ಕಾಗಿ ದಾವೆ ಹೂಡಲು ಬರುವುದಿಲ್ಲ. ಆ್ಯಪ್‌ಗಳೂ ಸ್ಥಿರವಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮಹಾದೇವ್ ಬುಕ್ ಸೇರಿ 22 ಬೆಟ್ಟಿಂಗ್ ಆ್ಯಪ್, ಜಾಲತಾಣಗಳನ್ನು ಒಮ್ಮೆಲೇ ಮುಚ್ಚಿಸಿತು. ಅವುಗಳಲ್ಲಿ ಕೂಡಿಟ್ಟ ಹಣಕ್ಕೆ ಯಾರನ್ನು ಕೇಳುವುದು?

ಕಾಲೇಜು ಹುಡುಗರಿಗೆ ವಿಶೇಷವಾಗಿ ಒಂದು ಮಾತು. 'ನಿನ್ನ ಬ್ಯಾಂಕ್ ಖಾತೆ, ಎಟಿಎಂ, ಸಿಮ್ ಮೂರು ತಿಂಗಳಿಗೆ ಕೊಡು, ಬಾಡಿಗೆ ಕೊಡುತ್ತೇವೆ' ಎಂಬ ಆಹ್ವಾನ ಈ ಗುಂಪುಗಳಲ್ಲೇ ಬರುತ್ತದೆ. ಟಿಪ್ಪಿನ ಚಂದಾ, ಬಾಜಿಯ ಹಣ, ಬೇರೆ ಸೈಬರ್ ವಂಚನೆಗಳ ಹಣ ಎಲ್ಲವೂ ಹರಿಯುವುದು ಇಂಥ ಬಾಡಿಗೆ ಖಾತೆಗಳಲ್ಲಿ. ಪೊಲೀಸರು ಬಂದಾಗ ಬಾಗಿಲು ತಟ್ಟುವುದು ಖಾತೆಯಲ್ಲಿ ಹೆಸರಿರುವವನ ಮನೆಯದು. ಬಾಡಿಗೆ ಎಷ್ಟೇ ಕೊಡಲಿ, ಗುರುತಿನವನೇ ಕೇಳಲಿ, ಇದಕ್ಕೆ ಒಪ್ಪಲೇಬೇಡಿ. ಟಿಪ್ ಕೊಡುವವನ ಹಣ ಪಡೆಯುವ ಖಾತೆ ವಾರಕ್ಕೊಂದರಂತೆ, ಬೇರೆ ಬೇರೆ ಜನರ ಹೆಸರಿನಲ್ಲಿ ಬದಲಾಗುತ್ತಿದ್ದರೆ ನೀವು ಹಣ ಹಾಕುತ್ತಿರುವುದೂ ಅಂಥ ಖಾತೆಗಳಿಗೇ ಎಂದು ತಿಳಿಯಿರಿ.

ದುಡ್ಡು ಹೋದ ಮೇಲೆ

ಕೆಲವು ಟಿಪ್ ಗುಂಪುಗಳು ಕೊನೆಗೆ ತಮ್ಮದೇ ಆ್ಯಪ್ ಹಾಕಿಸುತ್ತವೆ. ಪ್ಲೇ ಸ್ಟೋರಿನಲ್ಲಿಲ್ಲದ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲು ಅದು. ಫೋನಿಗೆ ಬರುವ ಒಟಿಪಿ ಓದುವ ಶಕ್ತಿ ಅದಕ್ಕೆ ಇರಬಹುದು. ಅದರ ಪರದೆಯ ಮೇಲೆ ನಿಮ್ಮ ಲಾಭ ಏರುತ್ತಲೇ ಹೋಗುತ್ತದೆ. ಹಣ ತೆಗೆಯಲು ಹೋದರೆ 'ಮೊದಲು ಟ್ಯಾಕ್ಸ್ ಕಟ್ಟಿ' ಎನ್ನುತ್ತಾರೆ. ಆದಾಯ ತೆರಿಗೆ ಕಾನೂನಿನ ಪ್ರಕಾರ ಆನ್‌ಲೈನ್ ಆಟದ ಗೆಲುವಿನ ತೆರಿಗೆಯನ್ನು ಕೊಡುವ ಹಣದಲ್ಲೇ ಮುರಿದುಕೊಳ್ಳಬೇಕು. ಗೆದ್ದವನಿಂದ ಯಾರದೋ ಖಾತೆಗೆ ಮುಂಗಡವಾಗಿ ಕಟ್ಟಿಸಿಕೊಳ್ಳುವ ತೆರಿಗೆ ಯಾವುದೂ ಇಲ್ಲ. ಆ ಮಾತು ಬಂದ ಕ್ಷಣವೇ ನಿಲ್ಲಿಸಿ.

ಮೋಸವಾಗಿದೆ ಎಂದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ತಾಸಿನೊಳಗೆ ದೂರು ದಾಖಲಾದರೆ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಅವಕಾಶ ಹೆಚ್ಚು. ಯುಪಿಐ ವ್ಯವಹಾರದ ಸಂಖ್ಯೆ, ಹಣ ಹೋದ ಖಾತೆ, ಸಮಯ ಕೈಯಲ್ಲಿರಲಿ. ಸಿಟ್ಟಿನಲ್ಲಿ ಗುಂಪಿನಿಂದ ಹೊರಬರಬೇಡಿ, ಮೆಸೇಜ್ ಅಳಿಸಬೇಡಿ. ಗುಂಪಿನ ಹೆಸರು, ಅಡ್ಮಿನ್ ನಂಬರ್, ಕ್ಯೂಆರ್ ಕೋಡ್ ಎಲ್ಲದರ ಚಿತ್ರ ತೆಗೆದಿಡಿ. ಆಮೇಲೆ ನಿಮ್ಮ ಠಾಣೆಗೆ, ಇಲ್ಲವೇ ಸೈಬರ್ ಅಪರಾಧ ನೋಡಿಕೊಳ್ಳುವ ಬೆಳಗಾವಿಯ ಜಿಲ್ಲಾ ಸಿಇಎನ್ ಠಾಣೆಗೆ ಹೋಗಿ. ಬೆಟ್ಟಿಂಗ್ ವಿಷಯ ಎಂಬ ನಾಚಿಕೆಗೆ ಬೇರೆ ಕಥೆ ಕಟ್ಟಿ ಹೇಳಿದರೆ ತನಿಖೆ ದಾರಿ ತಪ್ಪುತ್ತದೆ. ಏನು ಹೇಳಬೇಕು, ತಮ್ಮ ಮೇಲೆ ಏನಾದರೂ ಬಂದೀತೇ ಎಂಬ ಅಂಜಿಕೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅಥವಾ ಕಾನೂನು ನೆರವಿನ ಸಹಾಯವಾಣಿ 15100ರಲ್ಲಿ ಮೊದಲು ಸಲಹೆ ಕೇಳಬಹುದು. 'ಹೋದ ಹಣ ವಾಪಸ್ ಕೊಡಿಸುತ್ತೇವೆ, ಫೀ ಕೊಡಿ' ಎಂದು ಆಮೇಲೆ ಫೋನ್ ಮಾಡುವವರು ಹೆಚ್ಚಾಗಿ ಅದೇ ಬಳಗದವರು. ಸಾಲ ಕೊಟ್ಟವರು ಮನೆ ಬಾಗಿಲಿಗೆ ಬಂದು ಹೆದರಿಸುತ್ತಿದ್ದರೆ, ಮೈಕ್ರೊಫೈನಾನ್ಸ್ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನಡಿ ಠಾಣೆಗೆ ದೂರು ಕೊಡಬಹುದು.

ಬಿಡಬೇಕೆಂದರೂ ಬಿಡಲಾಗುತ್ತಿಲ್ಲ ಎನ್ನುವವರನ್ನು ಬೈದು ಪ್ರಯೋಜನವಿಲ್ಲ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ, ಅದಕ್ಕೆ ಚಿಕಿತ್ಸೆ ಇದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಬೈಲಹೊಂಗಲ, ರಾಮದುರ್ಗ, ಸವದತ್ತಿ, ಕಿತ್ತೂರು ತಾಲ್ಲೂಕುಗಳವರಿಗೆ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಆಸ್ಪತ್ರೆ ಧಾರವಾಡದ ಡಿಮ್ಹಾನ್ಸ್. ಕಿತ್ತೂರಿನಿಂದ ಹೆದ್ದಾರಿಯಲ್ಲಿ ತಾಸಿನೊಳಗಿನ ದಾರಿ. ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ, ಯಾರಿಗೆ ಎಷ್ಟು ಸಾಲ ಎಂಬ ಪೂರ್ತಿ ಪಟ್ಟಿ ಕೈಯಲ್ಲಿರಲಿ. ಮುಚ್ಚಿಟ್ಟ ಒಂದು ಸಾಲವಿದ್ದರೆ ಅದನ್ನು ತೀರಿಸಲೆಂದೇ ಮತ್ತೆ ಬಾಜಿಗೆ ಕೂರುವ ಮನಸ್ಸಾಗುತ್ತದೆ ಎಂಬುದನ್ನು ಮನೆಯವರು ತಿಳಿದಿರಬೇಕು. ಚಿಕಿತ್ಸೆ ನಡೆಯುವಷ್ಟು ಕಾಲ ಯುಪಿಐ ದಿನದ ಮಿತಿಯನ್ನು ಬ್ಯಾಂಕಿಗೆ ಹೇಳಿ ಕೆಳಗಿಳಿಸಿ, ಸಂಬಳವಾಗಲಿ ಕಬ್ಬಿನ ಬಿಲ್ಲಾಗಲಿ ಜಮೆಯಾಗುವ ಖಾತೆಯ ವ್ಯವಹಾರವನ್ನು ಅವರೇ ಒಪ್ಪಿದ ಮನೆಯ ಇನ್ನೊಬ್ಬರು ನೋಡಿಕೊಳ್ಳಲಿ.